ಮಿಡ್‌ನೈಟ್ ಆಯಿಲ್ ಕೇಳೋದು ಹೇಗೆ? ಮೊದ್ಲು ಫೋನಲ್ಲಿ ಮ್ಯಾಪ್ ಓಪನ್ ಮಾಡಿ

ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ಅನ್ನೋ ರಾಕ್ ಬ್ಯಾಂಡ್‌ನ ಒಂದೇ ಒಂದು ಹಾಡು ಎಲ್ಲರ ಕಿವಿಗೂ ಯಾವಾಗ್ಲೋ ಒಂದ್ಸಲ ಬಿದ್ದಿರುತ್ತೆ, ‘ಬೆಡ್ಸ್ ಆರ್ ಬರ್ನಿಂಗ್’. ಜಿಮ್‌ನಲ್ಲೋ ಪಬ್‌ನಲ್ಲೋ ಯಾರದೋ ಕಾರಲ್ಲೋ, ಶುರುವಿನಲ್ಲೇ ಮೂರು ಸಲ ಬ್ರಾಸ್ ಬಡಿಯುತ್ತಲ್ಲ, ಅದೇ. ಕೋರಸ್ ಬಂದಾಗ ಎಲ್ಲರೂ ಕೈ ಎತ್ತಿ ಕಿರುಚ್ತಾರೆ, ಹಾಡು ಮುಗಿಯುತ್ತೆ, ಮುಂದಿನದ್ದು ಶುರು. ಅದು ನೆಲ ಕಳ್ಕೊಂಡ ಒಂದು ಜನಕ್ಕೆ ಅವರ ನೆಲ ವಾಪಸ್ ಕೊಟ್ಬಿಡೋಣ ಅಂತ ಕೇಳೋ ಹಾಡು ಅನ್ನೋದು ಕುಣಿದವರಲ್ಲಿ ಬಹಳ ಜನಕ್ಕೆ ಗೊತ್ತಿರಲ್ಲ. ಇದರಲ್ಲಿ ಕುಣಿದವರ ತಪ್ಪೇನಿಲ್ಲ ಬಿಡಿ, ಹಾಡನ್ನ ಕಟ್ಟಿರೋದೇ ಮೊದ್ಲು ಕಾಲಿಗೆ ತಾಗಲಿ ಆಮೇಲೆ ತಲೆಗೆ ಹೋಗಲಿ ಅಂತ. ಆದ್ರೆ ಕಾಲಲ್ಲೇ ನಿಂತ್ಹೋದ್ರೆ ಈ ಬ್ಯಾಂಡ್‌ನ ಅರ್ಧ ಮಜಾ ಸಿಗಲ್ಲ, ಅದಕ್ಕೇ ಇದನ್ನ ಬರೀತಿದೀನಿ. ರಾಕ್ ಇಷ್ಟ ಆದ್ರೆ ಪ್ರೊಟೆಸ್ಟ್ ಹಾಡು ಅಂದ್ರೆ ಭಾಷಣ ಅಂತ ಮೂಗು ಮುರಿಯೋರಿಗೆ, ಸಿಡ್ನಿ ಮೆಲ್ಬರ್ನ್‌ಗೆ ಕೆಲಸಕ್ಕೆ ಅಂತ ಹೋಗಿ ಮೀಟಿಂಗ್ ಶುರುವಾಗೋಕೆ ಮುಂಚೆ ಈ ನೆಲದ ಮೂಲ ಒಡೆಯರಿಗೆ ಗೌರವ ಅಂತ ಓದೋದನ್ನ ಕೇಳಿ ಇದೇನಪ್ಪಾ ಅಂತ ಅಂದ್ಕೊಂಡಿರೋ ನಮ್ಮೋರಿಗೆ, ಮತ್ತೆ ತಾವೇ ಹಾಡು ಬರೀಬೇಕು ಅಂತಿರೋ ಹುಡುಗ ಹುಡುಗೀರಿಗೆ.

ಶುರು ಮಾಡೋಕೆ ಮುಂಚೆ

ಸಾಧ್ಯ ಆದ್ರೆ ಇಯರ್‌ಫೋನ್ ಬಿಟ್ಟು ಸ್ಪೀಕರ್‌ನಲ್ಲಿ ಹಾಕಿ. ಇವರು ಸಿಡ್ನಿಯ ಉತ್ತರದ ಬೀಚ್‌ಗಳ ಕಡೆಯ ಪಬ್‌ಗಳಲ್ಲಿ, ಸಮುದ್ರದಲ್ಲಿ ಸರ್ಫಿಂಗ್ ಮಾಡಿ ಬಂದು ಬಿಯರ್ ಹಿಡಿದು ನಿಂತ ಹುಡುಗರ ಮುಂದೆ ಬಾರಿಸ್ತಾ ಬೆಳೆದವರು, ಆ ಸೌಂಡ್ ಗಾಳಿಯಲ್ಲಿ ಬಂದು ಎದೆಗೆ ಹೊಡೀಬೇಕು. ಲಿರಿಕ್ಸ್ ಒಂದು ಟ್ಯಾಬ್‌ನಲ್ಲಿ, ಮ್ಯಾಪ್ ಇನ್ನೊಂದು ಟ್ಯಾಬ್‌ನಲ್ಲಿ. ಶಫಲ್ ಆಫ್ ಮಾಡಿ.

ಮ್ಯಾಪ್ ಯಾಕೆ ಅಂದ್ರೆ, ಇವರ ಹಾಡುಗಳಿಗೆ ಅಡ್ರೆಸ್ ಇದೆ. ಎಷ್ಟೋ ಪ್ರೊಟೆಸ್ಟ್ ಹಾಡುಗಳಲ್ಲಿ ಅನ್ಯಾಯ, ವ್ಯವಸ್ಥೆ, ಸ್ವಾತಂತ್ರ್ಯ ಅಂತ ದೊಡ್ಡ ದೊಡ್ಡ ಮಾತು ಬರುತ್ತೆ, ಯಾರು ಯಾರಿಗೆ ಎಲ್ಲಿ ಏನು ಮಾಡಿದ್ರು ಅಂತ ಕೇಳಿದ್ರೆ ಉತ್ತರ ಇರಲ್ಲ, ಯಾವ ದೇಶದಲ್ಲಿ ಹಾಡಿದ್ರೂ ನಡೆಯುತ್ತೆ, ಅದಕ್ಕೇ ಯಾರಿಗೂ ನಾಟಲ್ಲ. ಮಿಡ್‌ನೈಟ್ ಆಯಿಲ್‌ನ ಒಳ್ಳೇ ಹಾಡುಗಳಲ್ಲಿ ಊರಿನ ಹೆಸರಿದೆ, ಕಂಪನಿಯ ಸುಳಿವಿದೆ, ಬಿಸಿಲು ಎಷ್ಟು ಡಿಗ್ರಿ ಅಂತಲೂ ಇದೆ. ನನ್ನ ಪ್ರಕಾರ ಇಡೀ ಬ್ಯಾಂಡ್‌ನ ಗುಟ್ಟು ಇದೇ, ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿರೋದು.

ಮೆಂಬರ್‌ಗಳ ಬಗ್ಗೆ ಎರಡು ಮಾತು ಸಾಕು. 1972ರಲ್ಲಿ ಫಾರ್ಮ್ ಅನ್ನೋ ಹೆಸರಲ್ಲಿ ಶುರುವಾಗಿದ್ದು, 1976ರಲ್ಲಿ ಮಿಡ್‌ನೈಟ್ ಆಯಿಲ್ ಆಯ್ತು. ಡ್ರಮ್ಸ್ ರಾಬ್ ಹರ್ಸ್ಟ್, ಗಿಟಾರ್ ಕೀಬೋರ್ಡ್ ಎರಡೂ ಜಿಮ್ ಮೊಗಿನಿ, ಇನ್ನೊಂದು ಗಿಟಾರ್ ಮಾರ್ಟಿನ್ ರಾಟ್ಸಿ, ಬೇಸ್ ಬಾರಿಸೋರು ಕಾಲಕಾಲಕ್ಕೆ ಬದಲಾದ್ರು. ಮುಂದೆ ನಿಂತು ಹಾಡೋದು ಪೀಟರ್ ಗ್ಯಾರೆಟ್, ಲಾ ಓದಿದ ಮನುಷ್ಯ, ಆರಡಿ ದಾಟಿದ ಎತ್ತರ, ಬೋಳು ತಲೆ, ಡಾನ್ಸ್ ಅಂತೂ ಕರೆಂಟ್ ಹೊಡೆದವರ ಥರ. ಟಿವಿಯಲ್ಲಿ ಆಗ ಕೌಂಟ್‌ಡೌನ್ ಅಂತ ದೊಡ್ಡ ಮ್ಯೂಸಿಕ್ ಶೋ ಇತ್ತು, ಆಸ್ಟ್ರೇಲಿಯಾದಲ್ಲಿ ಹಿಟ್ ಆಗ್ಬೇಕು ಅಂದ್ರೆ ಅಲ್ಲಿಗೆ ಹೋಗ್ಲೇಬೇಕು ಅನ್ನೋ ಕಾಲ, ಇವರು ಹೋಗಲೇ ಇಲ್ಲ.

ಮೊದಲ ಆಲ್ಬಮ್‌ನಿಂದ ಶುರು ಮಾಡ್ಬೇಡಿ

ಯಾವ ಬ್ಯಾಂಡ್ ಆದ್ರೂ ಮೊದಲಿಂದ ಕೇಳ್ಬೇಕು ಅನ್ನೋ ಶಿಸ್ತಿನ ಜನ ಇರ್ತಾರೆ, ಇಲ್ಲಿ ಆ ಶಿಸ್ತು ಬೇಡ. 1978ರ ಮೊದಲ ಆಲ್ಬಮ್‌ನಲ್ಲಿ ಶಕ್ತಿ ಇದೆ, ಏನು ಹೇಳ್ಬೇಕು ಅನ್ನೋದು ಇನ್ನೂ ಸಿಕ್ಕಿಲ್ಲ. 1987ರ ‘ಡೀಸೆಲ್ ಆಂಡ್ ಡಸ್ಟ್’ ಹಾಕಿ.

ಹಾಡು ಪ್ಲೇ ಮಾಡೋಕೆ ಮುಂಚೆ ಮ್ಯಾಪ್‌ನಲ್ಲಿ ಆಸ್ಟ್ರೇಲಿಯಾದ ನಟ್ಟನಡುವೆ ಇರೋ ಆಲಿಸ್ ಸ್ಪ್ರಿಂಗ್ಸ್ ಹುಡುಕಿ. ಅಲ್ಲಿಂದ ಪಶ್ಚಿಮಕ್ಕೆ ಬೆರಳು ಜರುಗಿಸ್ತಾ ಹೋಗಿ, ಐನೂರು ಕಿಲೋಮೀಟರ್ ದಾಟಿದ ಮೇಲೆ ಕಿಂಟೋರ್ ಅಂತ ಒಂದು ಸಣ್ಣ ಊರು, ಸುತ್ತ ಮರುಭೂಮಿ. ಆಲಿಸ್ ಸ್ಪ್ರಿಂಗ್ಸ್‌ನ ವಾಯವ್ಯಕ್ಕೆ ಸುಮಾರು ಮುನ್ನೂರು ಕಿಲೋಮೀಟರ್ ಹೋದ್ರೆ ಯುವೆಂಡುಮು. ಎರಡೂ ಹೆಸರು ಹಾಡಲ್ಲಿ ಬರುತ್ತೆ. ಯುವೆಂಡುಮುವಿನ ದಕ್ಷಿಣಕ್ಕೆ ಪಪುನ್ಯಾ, ಅದರ ಹೆಸರು ಹಾಡಲ್ಲಿ ಇಲ್ಲ ಆದ್ರೆ ಕಥೆ ಅಲ್ಲೇ ಇರೋದು. ಈ ಮರುಭೂಮಿಯಲ್ಲಿ ಪಿಂಟುಪಿ ಅನ್ನೋ ಮೂಲನಿವಾಸಿ ಜನ ಇದ್ರು. 1950, 60ರ ದಶಕಗಳಲ್ಲಿ ದಕ್ಷಿಣದ ವೂಮೆರಾದಿಂದ ರಾಕೆಟ್ ಪರೀಕ್ಷೆ ನಡೀತಿತ್ತು, ಅವು ಹಾರೋ ದಾರಿ ಈ ಜನ ಇದ್ದ ನೆಲದ ಮೇಲೇ. ಸರ್ಕಾರ ಅವರನ್ನ ಎಬ್ಬಿಸಿ ಟ್ರಕ್ಕಲ್ಲಿ ಹತ್ತಿಸಿ ಪೂರ್ವದ ಕಡೆ ಪಪುನ್ಯಾ ಥರದ ಸೆಟಲ್‌ಮೆಂಟ್‌ಗಳಿಗೆ ತಂದು ಬಿಟ್ಟಿತು. ಬೇರೆ ಬೇರೆ ಭಾಷೆಯ ಜನ ಒಂದೇ ಕಡೆ, ಹೊಸ ಊಟ, ಹೊಸ ರೋಗ, ತಮ್ಮದಲ್ಲದ ನೆಲ, ಎಷ್ಟೋ ಜನ ಅಲ್ಲೇ ಸತ್ತರು. ಉಳಿದವರು ವರ್ಷಾನುಗಟ್ಟಲೆ ಕಾದು 1981ರ ಹೊತ್ತಿಗೆ ತಾವಾಗೇ ಪಶ್ಚಿಮಕ್ಕೆ ವಾಪಸ್ ಹೋಗಿ ಕಿಂಟೋರ್ ಕಟ್ಕೊಂಡ್ರು. ಈಗ ಪ್ಲೇ ಒತ್ತಿ.

ಮೊದಲ ಸಲ ಕೇಳುವಾಗ ಬೇಸ್ ಗಿಟಾರ್ ಮತ್ತೆ ಡ್ರಮ್ಸ್ ಮಾತ್ರ ಹಿಡ್ಕೊಳ್ಳಿ. ಗ್ಯಾರೆಟ್ ಹಾಡೋ ಭಾಗದಲ್ಲಿ ಹೆಚ್ಚುಕಡಿಮೆ ಬೇರೇನೂ ಇಲ್ಲ, ಜಾಗ ಖಾಲಿ ಬಿಟ್ಟಿದ್ದಾರೆ, ಮರುಭೂಮಿಯಲ್ಲಿ ಗಾಡಿ ಓಡಿಸ್ತಾ ಇದ್ದಂಗೆ ಒಂದೇ ಸಮ ಸಾಗುತ್ತೆ. ಅವನು ಅರ್ಧ ಹಾಡ್ತಾನೆ ಅರ್ಧ ಮಾತಾಡ್ತಾನೆ. ಕೋರಸ್ ಬಂದಾಗ ಎಲ್ಲರೂ ಒಟ್ಟಿಗೆ ಮೇಲೇಳ್ತಾರೆ. ಎರಡನೇ ಸಲ ಲಿರಿಕ್ಸ್ ನೋಡ್ಕೊಂಡು ಕೇಳಿ. ಕೆಟ್ಟು ನಿಂತ ಹೋಲ್ಡನ್ ಕಾರುಗಳು (ನಮ್ಮಲ್ಲಿ ಅಂಬಾಸಿಡರ್ ಇದ್ದಂಗೆ ಆ ದೇಶದ್ದೇ ಕಾರು), 45 ಡಿಗ್ರಿ ಬಿಸಿಲು, ಗಾಡಿ ಸದ್ದಿಗೆ ಹಾರಿಹೋಗೋ ಹಕ್ಕಿಗಳು, ಇಷ್ಟೇ. ಯಾರನ್ನೂ ಬೈದಿಲ್ಲ, ಯಾವ ಪಾರ್ಟಿ ಹೆಸರೂ ಇಲ್ಲ. ಬಾಡಿಗೆ ಕಟ್ಟೋ ಟೈಮ್ ಬಂತು ಅಂತಾರೆ ಅಷ್ಟೇ, ಸಾಲ ತೀರಿಸೋ ಮನೆಮಾತಿನ ದನಿಯಲ್ಲಿ. ಇಲ್ಲಿ ಒಂದು ವರ್ಷದ ಲೆಕ್ಕ ನೆನಪಿಡಿ, ಹಾಡು ಬಂದಿದ್ದು 1987, ಬ್ರಿಟಿಷರು ಬರೋಕೆ ಮುಂಚೆ ಆ ನೆಲ ಯಾರಿಗೂ ಸೇರಿರ್ಲಿಲ್ಲ ಅನ್ನೋ ಹಳೇ ವಾದವನ್ನ ಆಸ್ಟ್ರೇಲಿಯಾದ ಹೈಕೋರ್ಟ್ ಮಾಬೊ ಕೇಸಲ್ಲಿ ಕಿತ್ತು ಹಾಕಿದ್ದು 1992ರ ಜೂನ್‌ನಲ್ಲಿ. ಅಂದ್ರೆ ಈ ಹಾಡು ಚಾರ್ಟ್‌ಗಳಲ್ಲಿ ಓಡ್ತಿದ್ದಾಗ ಕಾನೂನು ಇನ್ನೂ ಹಾಡಿನ ವಿರುದ್ಧ ಇತ್ತು.

ಈ ಆಲ್ಬಮ್ ಸ್ಟುಡಿಯೋದಲ್ಲಿ ಕೂತು ಕಲ್ಪನೆ ಮಾಡ್ಕೊಂಡು ಬರೆದಿದ್ದಲ್ಲ. 1986ರಲ್ಲಿ ಇವರು ವಾರುಂಪಿ ಬ್ಯಾಂಡ್ ಅನ್ನೋ ಇನ್ನೊಂದು ಬ್ಯಾಂಡ್ ಜೊತೆ ಮರುಭೂಮಿಯ ಮತ್ತು ಉತ್ತರ ತುದಿಯ ಮೂಲನಿವಾಸಿಗಳ ಊರುಗಳಿಗೆ ಟೂರ್ ಹೋದ್ರು. ವಾರುಂಪಿ ಪಪುನ್ಯಾದಲ್ಲೇ ಹುಟ್ಟಿದ ಬ್ಯಾಂಡ್, 1983ರಲ್ಲಿ ಲುರಿಟ್ಜಾ ಭಾಷೆಯಲ್ಲಿ ರಾಕ್ ಹಾಡು ರಿಲೀಸ್ ಮಾಡಿದವರು, ಆಸ್ಟ್ರೇಲಿಯಾದ ಮೂಲನಿವಾಸಿ ಭಾಷೆಯೊಂದರಲ್ಲಿ ಬಂದ ಮೊದಲ ರಾಕ್ ಹಾಡು ಅದು. ಸಿಡ್ನಿಯಲ್ಲಿ ಸಾವಿರಗಟ್ಟಲೆ ಜನರನ್ನ ಕುಣಿಸ್ತಿದ್ದ ಮಿಡ್‌ನೈಟ್ ಆಯಿಲ್ ಈ ಊರುಗಳಲ್ಲಿ ಹೊಸಬರು, ಅಲ್ಲಿನ ಜನಕ್ಕೆ ವಾರುಂಪಿನೇ ಸ್ಟಾರ್. ನನಗೆ ಈ ವಿಷಯ ಬಹಳ ಮುಖ್ಯ ಅನ್ಸುತ್ತೆ, ಅಲ್ಲಿ ಹೋಗಿ ಬಂದ ಮೇಲೆ ಇವರ ಹಾಡಲ್ಲಿ ವೇಗ ಕಡಿಮೆ ಆಯ್ತು, ಗದ್ದಲ ಕಡಿಮೆ ಆಯ್ತು, ಅಕೌಸ್ಟಿಕ್ ಗಿಟಾರ್ ಜಾಸ್ತಿ ಆಯ್ತು. ಹಳೇ ಆಲ್ಬಮ್ ಒಂದನ್ನ ಇದರ ಪಕ್ಕ ಇಟ್ಟು ಕೇಳಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ.

ಅದೇ ಆಲ್ಬಮ್‌ನ ‘ದಿ ಡೆಡ್ ಹಾರ್ಟ್’ಗೆ ಬನ್ನಿ. ಮ್ಯಾಪ್‌ನಲ್ಲಿ ಉಲುರು, ಆ ದೊಡ್ಡ ಕೆಂಪು ಬಂಡೆ. 1985ರ ಅಕ್ಟೋಬರ್ 26ಕ್ಕೆ ಅದರ ಒಡೆತನವನ್ನ ಅಲ್ಲಿನ ಮೂಲನಿವಾಸಿ ಅನಂಗು ಜನಕ್ಕೆ ವಾಪಸ್ ಕೊಟ್ರು, ಕೊಟ್ಟ ಕೈಯಲ್ಲೇ ನ್ಯಾಷನಲ್ ಪಾರ್ಕ್‌ಗೆ ಅಂತ 99 ವರ್ಷದ ಲೀಸ್‌ಗೆ ಮತ್ತೆ ತಗೊಂಡ್ರು. ಆ ಸಂದರ್ಭದ ಡಾಕ್ಯುಮೆಂಟರಿಗೆ ಅಂತ ಬರೆದ ಹಾಡು ಇದು. ಇಲ್ಲಿ ಒಂದು ಮುಳ್ಳಿದೆ, ಹಾಡಿನುದ್ದಕ್ಕೂ ‘ನಾವು’ ಅಂತ ಮೂಲನಿವಾಸಿಗಳ ದನಿಯಲ್ಲಿ ಹಾಡಿರೋದು ಸಿಡ್ನಿಯ ಬಿಳಿ ಹುಡುಗರು. ಹಾಗೆ ಹಾಡೋ ಹಕ್ಕು ಇವರಿಗೆ ಎಲ್ಲಿಂದ ಬಂತು ಅಂತ ಕೇಳಿದವರು ಇದ್ದಾರೆ, ನೀವೂ ಕೇಳ್ಕೊಂಡೇ ಕೇಳಿ. ಟ್ಯೂನ್ ಚೆನ್ನಾಗಿದೆ ಅಂತ ಆ ಪ್ರಶ್ನೆ ಬಿಟ್ಬಿಡೋದು ಬೇಡ, ಪ್ರಶ್ನೆ ಇದೆ ಅಂತ ಹಾಡನ್ನ ಅರ್ಧಕ್ಕೆ ನಿಲ್ಲಿಸೋದೂ ಬೇಡ. ಇದಕ್ಕೆ ಉತ್ತರ ಥರದ್ದು ಬ್ಯಾಂಡ್ ಕಡೆಯಿಂದಲೇ ಬರೋಕೆ 2020ರವರೆಗೆ ಹೋಗ್ಬೇಕು, ಬರ್ತೀನಿ ಅದಕ್ಕೆ.

ಮ್ಯಾಪ್‌ನಲ್ಲಿ ಇಲ್ಲದ ಊರು

ಎರಡನೇದಾಗಿ ಕೇಳ್ಬೇಕಾದ ಆಲ್ಬಮ್ ‘ಬ್ಲೂ ಸ್ಕೈ ಮೈನಿಂಗ್’, 1990. ಮೊದಲ ಹಾಡು ‘ಬ್ಲೂ ಸ್ಕೈ ಮೈನ್’, ಮೌತ್ ಆರ್ಗನ್‌ನಿಂದ ಶುರು. ಈಗ ಮ್ಯಾಪ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾ ಪ್ರದೇಶಕ್ಕೆ ಹೋಗಿ ವಿಟನೂಮ್ ಅನ್ನೋ ಊರು ಹುಡುಕಿ. ಊರು ಇತ್ತು, ಈಗಿಲ್ಲ. 2007ರಲ್ಲಿ ಸರ್ಕಾರ ಅದನ್ನ ಊರುಗಳ ಪಟ್ಟಿಯಿಂದಲೇ ತೆಗೆದು ಹಾಕಿತು.

ಅಲ್ಲಿ ನೀಲಿ ಆಸ್ಬೆಸ್ಟಾಸ್ ಗಣಿ ಇತ್ತು. ಆಸ್ಬೆಸ್ಟಾಸ್ ಅಂದ್ರೆ ನಮ್ಮ ಹಳೇ ಮನೆ ಶೀಟುಗಳಲ್ಲಿ ಇರೋದೇ, ಆದ್ರೆ ಅದರಲ್ಲಿ ನೀಲಿ ಜಾತಿಯದ್ದು ಎಲ್ಲಕ್ಕಿಂತ ಕೆಟ್ಟದ್ದು, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉಸಿರಲ್ಲಿ ಒಳಗೆ ಹೋಗಿ ಕೂತ್ರೆ ಇಪ್ಪತ್ತು ಮೂವತ್ತು ನಲವತ್ತು ವರ್ಷ ಸುಮ್ಮನಿದ್ದು ಆಮೇಲೆ ಕ್ಯಾನ್ಸರ್ ಆಗಿ ಏಳುತ್ತೆ. ಗಣಿಯಲ್ಲಿ ಉಳಿದ ಪುಡಿಯನ್ನ ಊರಲ್ಲಿ ರಸ್ತೆಗೆ ಹಾಕಿದ್ರು, ಮಕ್ಕಳು ಆಡೋ ಜಾಗಕ್ಕೂ ಹಾಕಿದ್ರು. ಗಣಿ ನಡೆಸ್ತಿದ್ದಿದ್ದು ಸಿಎಸ್‌ಆರ್ ಅನ್ನೋ ದೊಡ್ಡ ಸಕ್ಕರೆ ಕಂಪನಿಯ ಅಂಗಸಂಸ್ಥೆ. 1966ರಲ್ಲಿ ಲಾಭ ಇಲ್ಲ ಅಂತ ಮುಚ್ಚಿದ್ರು. ಜನ ಸಾಯೋದು ನಿಲ್ಲಲಿಲ್ಲ, ಅಲ್ಲಿ ಕೆಲಸ ಮಾಡಿದವರು ಮತ್ತೆ ಸುಮ್ಮನೆ ವಾಸ ಇದ್ದವರು ಸೇರಿ 2000ಕ್ಕೂ ಮೇಲೆ ಅಂತ ಅಂದಾಜು. ಕಾಯಿಲೆ ಬಂದ ಕೆಲಸಗಾರರು ಕೋರ್ಟಿಗೆ ಹೋಗಿ ಗೆದ್ದಿದ್ದು 1988ರಲ್ಲಿ, ಹಾಡು ಬಂದಿದ್ದು ಅದಾಗಿ ಎರಡು ವರ್ಷಕ್ಕೆ.

ಈಗ ಹಾಡು ಕೇಳಿ, ಯಾರ ಬಾಯಲ್ಲಿ ಹೇಳಿಸಿದ್ದಾರೆ ನೋಡಿ. ಗಣಿಯ ಕೆಲಸಗಾರನ ಬಾಯಲ್ಲಿ. ಅವನು ಕಂಪನಿಗೆ ಧಿಕ್ಕಾರ ಅಂತ ಕೂಗ್ತಿಲ್ಲ, ಸಕ್ಕರೆ ಕಂಪನಿ ನನ್ನ ಕೈ ಹಿಡೀದೇ ಇದ್ರೆ ಮನೆಗೆ ಏನು ತಗೊಂಡು ಹೋಗ್ಲಿ, ಇವತ್ತು ರಾತ್ರಿ ಮಕ್ಕಳ ಹೊಟ್ಟೆಗೆ ಏನು ಅನ್ನೋ ಚಿಂತೆಯಲ್ಲಿದ್ದಾನೆ. ತನ್ನನ್ನ ಕೊಲ್ತಿರೋ ಕಂಪನಿನೇ ತನಗೆ ಅನ್ನ ಹಾಕ್ತಿರೋದು ಅನ್ನೋದು ಅವನಿಗೆ ಗೊತ್ತು. ಗಣಿ ಊರುಗಳಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಇಷ್ಟು ಸಂಕಟದ ವಿಷಯಕ್ಕೆ ಟ್ಯೂನ್ ಮಾತ್ರ ಲವಲವಿಕೆಯದ್ದು, ಹೈವೇಲಿ ಕಿಟಕಿ ಇಳಿಸಿ ಹಾಕೋ ಥರದ್ದು. ಇದು ಸರೀನಾ ತಪ್ಪಾ ಅಂತ ನನಗೆ ಜಗಳ ಮಾಡೋ ಫ್ರೆಂಡ್ಸ್ ಇದ್ದಾರೆ. ನನ್ನ ವಾದ ಇಷ್ಟೇ, ಶೋಕಗೀತೆ ಮಾಡಿದ್ದಿದ್ರೆ ರೇಡಿಯೋದವರು ಹಾಕ್ತಿರ್ಲಿಲ್ಲ, ವಿಟನೂಮ್ ಅನ್ನೋ ಹೆಸರು ನಾನು ಇಲ್ಲಿ ಬರೀತಾನೂ ಇರ್ತಿರ್ಲಿಲ್ಲ.

ಟ್ರಕ್ ಮೇಲಿನ ಸಂಗೀತ ಕಚೇರಿ, ಕಪ್ಪು ಬಟ್ಟೆ

ಇಷ್ಟು ಕೇಳಿದ ಮೇಲೆ ಎರಡು ವಿಡಿಯೋ ನೋಡ್ಲೇಬೇಕು. ಒಂದು, 1990ರ ಮೇ 30, ನ್ಯೂಯಾರ್ಕ್. ಅದರ ಹಿಂದಿನ ವರ್ಷ ಮಾರ್ಚ್ 24ಕ್ಕೆ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಅನ್ನೋ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರಕ್ಕೆ ಚೆಲ್ಲಿತ್ತು. ಇವರು ಮಟಮಟ ಮಧ್ಯಾಹ್ನ ಒಂದು ಲಾರಿ ತಂದು ಮ್ಯಾನ್‌ಹಟನ್‌ನ ಎಕ್ಸಾನ್ ಕಟ್ಟಡದ ಮುಂದೆ ನಿಲ್ಲಿಸಿ ಅದರ ಮೇಲೇ ಬಾರಿಸಿದ್ರು. ಹಿಂದೆ ಬ್ಯಾನರ್, ಮಿಡ್‌ನೈಟ್ ಆಯಿಲ್ ನಿಮ್ಮನ್ನ ಕುಣಿಸುತ್ತೆ, ಎಕ್ಸಾನ್ ಆಯಿಲ್ ನಮಗೆ ವಾಂತಿ ತರಿಸುತ್ತೆ ಅನ್ನೋ ಅರ್ಥದ್ದು. ಆಫೀಸಿನ ಊಟದ ಬಿಡುವಿಗೆ ಬಂದ ಟೈ ಕಟ್ಟಿದ ಜನ ನಿಂತು ನೋಡ್ತಾರೆ, ಟ್ರಾಫಿಕ್ ಜಾಮ್. ವಿಡಿಯೋ ನೋಡುವಾಗ ಬ್ಯಾಂಡ್‌ಗಿಂತ ಜಾಸ್ತಿ ಆ ಜನರ ಮುಖ ನೋಡಿ.

ಇನ್ನೊಂದು, 2000ದ ಅಕ್ಟೋಬರ್ 1, ಸಿಡ್ನಿ ಒಲಿಂಪಿಕ್ಸ್ ಮುಕ್ತಾಯ ಸಮಾರಂಭ. ಇದನ್ನ ಮೊದಲ ಸಲ ಮ್ಯೂಟ್ ಮಾಡಿ ನೋಡಿ. ಐದು ಜನ ಕಪ್ಪು ಬಟ್ಟೆಯಲ್ಲಿ, ಬಟ್ಟೆ ತುಂಬಾ ಬಿಳಿ ಅಕ್ಷರದಲ್ಲಿ ಒಂದೇ ಪದ, ಸಾರಿ. ಹಿನ್ನೆಲೆ ಏನಂದ್ರೆ ಹತ್ತಿರ ಹತ್ತಿರ 1970ರವರೆಗೂ ಸರ್ಕಾರ ಮತ್ತು ಚರ್ಚ್ ಮಿಷನ್‌ಗಳು ಮೂಲನಿವಾಸಿ ಮಕ್ಕಳನ್ನ ಅಪ್ಪ ಅಮ್ಮನ ಹತ್ರದಿಂದ ಕಿತ್ಕೊಂಡು ಹಾಸ್ಟೆಲ್‌ಗಳಲ್ಲಿ ಬಿಳಿಯರ ಮನೆಗಳಲ್ಲಿ ಬೆಳೆಸ್ತಿದ್ರು. ಇದರ ಬಗ್ಗೆ ದೊಡ್ಡ ಸರ್ಕಾರಿ ವಿಚಾರಣೆ ನಡೆದು 1997ರಲ್ಲಿ ವರದಿ ಬಂತು, ದೇಶದ ಪರವಾಗಿ ಕ್ಷಮೆ ಕೇಳಿ ಅಂದ್ರೆ ಪ್ರಧಾನಿ ಜಾನ್ ಹೊವರ್ಡ್ ಒಪ್ಪಲಿಲ್ಲ. ಅದೇ ಹೊವರ್ಡ್ ಆವತ್ತು ಸ್ಟೇಡಿಯಂನಲ್ಲಿ ಕೂತಿದ್ರು. ಇವರು ಆ ಬಟ್ಟೆಯಲ್ಲಿ ‘ಬೆಡ್ಸ್ ಆರ್ ಬರ್ನಿಂಗ್’ ಹಾಡಿದ್ರು, ಮಧ್ಯದಲ್ಲಿ ಭಾಷಣ ಮಾಡಲಿಲ್ಲ, ಯಾರ ಕಡೆನೂ ಬೆರಳು ತೋರಿಸಲಿಲ್ಲ, ಕ್ಯಾಮೆರಾಗಳು ಪ್ರಪಂಚಕ್ಕೆಲ್ಲ ತೋರಿಸಿದ್ವು. ಸರ್ಕಾರ ಅಧಿಕೃತವಾಗಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ಕ್ಕೆ, ಪ್ರಧಾನಿ ಕೆವಿನ್ ರಡ್. ಆಗ ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದವರಲ್ಲಿ ಒಬ್ಬ ಪೀಟರ್ ಗ್ಯಾರೆಟ್. ಹೌದು, ಅದೇ ಗ್ಯಾರೆಟ್.

ಮಂತ್ರಿ ಆದ ಗಾಯಕನನ್ನ ಏನು ಮಾಡೋದು

ಇಲ್ಲಿ ಬಹಳ ಜನ ಫ್ಯಾನ್‌ಗಳು ಕೈ ಬಿಡ್ತಾರೆ. ಅದಕ್ಕೆ ಮುಂಚೆ ಹಿಂದಕ್ಕೆ ಹೋಗಿ 1982ರ ಆಲ್ಬಮ್ ಕೇಳಿ, ಹೆಸರು ಹತ್ತರಿಂದ ಒಂದಕ್ಕೆ ಉಲ್ಟಾ ಎಣಿಕೆ. ಲಂಡನ್‌ನಲ್ಲಿ ರೆಕಾರ್ಡ್ ಆಗಿದ್ದು, ಕೋಲ್ಡ್ ವಾರ್ ಬಿಸಿಯಲ್ಲಿದ್ದ ಕಾಲ. ‘ಯುಎಸ್ ಫೋರ್ಸಸ್’ ಅಮೆರಿಕದ ಸೈನ್ಯ ಬೇರೆ ದೇಶಗಳಲ್ಲಿ ಕೂತಿರೋದರ ಮೇಲೆ, ಕೇಳುವಾಗ ಮತ್ತೆ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ, ಊರಿನ ಪಕ್ಕದಲ್ಲೇ ಪೈನ್ ಗ್ಯಾಪ್ ಅನ್ನೋ ಅಮೆರಿಕ ಆಸ್ಟ್ರೇಲಿಯಾ ಜಂಟಿ ಬೇಹುಗಾರಿಕೆ ಕೇಂದ್ರದ ಬಿಳಿ ಗುಮ್ಮಟಗಳು ಸ್ಯಾಟಲೈಟ್ ವ್ಯೂನಲ್ಲಿ ಕಾಣುತ್ತೆ. ‘ಮರಲಿಂಗ’ ಅಂತ ಇನ್ನೊಂದು ಹಾಡು, 1956ರಿಂದ 63ರವರೆಗೆ ಬ್ರಿಟಿಷರು ಅಣುಬಾಂಬ್ ಪರೀಕ್ಷೆ ಮಾಡಿದ ದಕ್ಷಿಣ ಆಸ್ಟ್ರೇಲಿಯಾದ ಜಾಗ. ‘ಪವರ್ ಆಂಡ್ ದಿ ಪ್ಯಾಷನ್’ನಲ್ಲಿ ಹರ್ಸ್ಟ್ ಬಾರಿಸೋ ಡ್ರಮ್ ಸೋಲೋಗೆ ಅಂತಲೇ ವಾಲ್ಯೂಮ್ ಏರಿಸಿ. 1984ರ ‘ರೆಡ್ ಸೇಲ್ಸ್ ಇನ್ ದಿ ಸನ್‌ಸೆಟ್’ ಕವರ್ ಚಿತ್ರ ದೊಡ್ಡದು ಮಾಡಿ ನೋಡಿ, ಅಣುಬಾಂಬ್ ಬಿದ್ದ ಮೇಲಿನ ಸಿಡ್ನಿ ಬಂದರು, ಹಾರ್ಬರ್ ಬ್ರಿಡ್ಜ್ ಸಮೇತ. ಅದೇ ವರ್ಷ ಗ್ಯಾರೆಟ್ ಅಣ್ವಸ್ತ್ರ ವಿರೋಧಿ ಪಾರ್ಟಿಯಿಂದ ಸೆನೆಟ್‌ಗೆ ನಿಂತು ನೂರಕ್ಕೆ 9ಕ್ಕೂ ಹೆಚ್ಚು ಓಟು ತಗೊಂಡು, ಅಲ್ಲಿನ ಪ್ರಿಫರೆನ್ಸ್ ಓಟಿನ ಪದ್ಧತಿಯಲ್ಲಿ ದೊಡ್ಡ ಪಾರ್ಟಿಗಳ ಓಟು ಅವನ ಕಡೆ ಹರಿಯದೆ ಸೋತ.

ಈಗ ಮುಂದಿನದ್ದು. 2002ರ ಕೊನೆಗೆ ಬ್ಯಾಂಡ್ ಬಿಟ್ಟ, 2004ರಲ್ಲಿ ಲೇಬರ್ ಪಾರ್ಟಿಯಿಂದ ಎಂಪಿ ಆದ, 2007ರಲ್ಲಿ ಪರಿಸರ ಮಂತ್ರಿ. 2009ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಫೋರ್ ಮೈಲ್ ಯುರೇನಿಯಂ ಗಣಿಗೆ ಒಪ್ಪಿಗೆ ಕೊಟ್ಟಿದ್ದು ಇದೇ ಮನುಷ್ಯ. ಮನೆಗಳ ಅಟ್ಟಕ್ಕೆ ಶಾಖ ತಡೆಯೋ ಇನ್ಸುಲೇಷನ್ ಹಾಕೋ ಸರ್ಕಾರಿ ಸ್ಕೀಮ್ ಅವಸರದಲ್ಲಿ ನಡೆದು ನಾಲ್ಕು ಜನ ಯುವ ಕೆಲಸಗಾರರು ಸತ್ತಿದ್ದೂ ಇವನ ಖಾತೆಯಲ್ಲೇ, 2010ರಲ್ಲಿ ಆ ಜವಾಬ್ದಾರಿ ಕಿತ್ಕೊಂಡ್ರು. ಇನ್ನೊಂದು ಕಡೆ ಅದೇ ವರ್ಷ ಜಪಾನಿನ ತಿಮಿಂಗಿಲ ಬೇಟೆ ವಿರುದ್ಧ ಆಸ್ಟ್ರೇಲಿಯಾ ಅಂತರರಾಷ್ಟ್ರೀಯ ಕೋರ್ಟಿಗೆ ಹೋಯ್ತು, 2014ರಲ್ಲಿ ಗೆದ್ದಿತು. ಒಂದು ತಟ್ಟೆಯಲ್ಲಿ ಇದು ಇನ್ನೊಂದರಲ್ಲಿ ಅದು ಇಟ್ಟು ತೂಗಿ ಮನುಷ್ಯ ಒಳ್ಳೇವ್ನಾ ಕೆಟ್ಟವ್ನಾ ಅಂತ ತೀರ್ಪು ಕೊಡೋಕೆ ಕೂತ್ರೆ ಹಾಡು ಕೇಳೋಕೆ ಟೈಮೇ ಇರಲ್ಲ. ನಾನು ಹೇಳೋದು ಇಷ್ಟು, ಈ ವಿಷಯ ಗೊತ್ತಾದ ಮೇಲೆ ‘ಬ್ಲೂ ಸ್ಕೈ ಮೈನ್’ ಇನ್ನೊಂದ್ಸಲ ಹಾಕಿ. ನನಗಂತೂ ಹಾಡು ಗಟ್ಟಿಯಾಗೇ ಕೇಳಿಸ್ತು, ಗಾಯಕ ಮಾತ್ರ ಸ್ವಲ್ಪ ಸಣ್ಣವನಾದ. ಹಾಡು ಬರೆದವರಲ್ಲಿ ಹರ್ಸ್ಟ್, ಮೊಗಿನಿ ಪಾಲೂ ದೊಡ್ಡದು ಅನ್ನೋದನ್ನ ಮರೀಬಾರದು, ಮುಂದೆ ನಿಂತವನೇ ಬ್ಯಾಂಡ್ ಅಲ್ಲ.

ಇವರು ಎಡವಿದ ಹಾಡನ್ನೂ ಒಂದು ಕೇಳಿ, 1993ರ ‘ಟ್ರುಗನಿನಿ’. ಟ್ರುಗನಿನಿ ಟಾಸ್ಮೇನಿಯಾದ ಮೂಲನಿವಾಸಿ ಮಹಿಳೆ, 1876ರಲ್ಲಿ ತೀರಿಕೊಂಡವರು. ರೆಕಾರ್ಡ್ ಜೊತೆ ಕೊಟ್ಟ ಟಿಪ್ಪಣಿಯಲ್ಲಿ ಅವರನ್ನ ಟಾಸ್ಮೇನಿಯಾದ ಕೊನೇ ಮೂಲನಿವಾಸಿ ಅನ್ನೋ ಥರ ಹಾಕಿದ್ರು. ಟಾಸ್ಮೇನಿಯಾದ ಮೂಲನಿವಾಸಿಗಳು ಹಾಗಾದ್ರೆ ನಾವ್ಯಾರು ಅಂತ ಸಿಟ್ಟಾದ್ರು, ಆಗೋದೇ ಸರಿ.

2020ಕ್ಕೆ ಬನ್ನಿ

ಗ್ಯಾರೆಟ್ ರಾಜಕೀಯ ಬಿಟ್ಟ ಮೇಲೆ 2017ರಲ್ಲಿ ಎಲ್ಲರೂ ಮತ್ತೆ ಸೇರಿದ್ರು. ಅದೇ ವರ್ಷ ಮೂಲನಿವಾಸಿ ಪ್ರತಿನಿಧಿಗಳು ಉಲುರು ಹತ್ರ ಸೇರಿ ಒಂದು ಹೇಳಿಕೆ ಹೊರಡಿಸಿದ್ರು, ಸಂವಿಧಾನದಲ್ಲಿ ನಮ್ಮ ದನಿಗೆ ಜಾಗ ಕೊಡಿ ಅಂತ. 2020ರ ‘ದಿ ಮಕರಾಟ ಪ್ರಾಜೆಕ್ಟ್’ ಆ ಹೇಳಿಕೆಯ ಸುತ್ತ ಕಟ್ಟಿದ ಆಲ್ಬಮ್, ಬ್ಯಾಂಡ್ ತನ್ನ ಪಾಲಿನ ದುಡ್ಡನ್ನ ಅದೇ ಕೆಲಸಕ್ಕೆ ಕೊಟ್ಟಿತು. ಮೊದ್ಲು ‘ಗ್ಯಾಡಿಗಲ್ ಲ್ಯಾಂಡ್’ ಕೇಳಿ. ಮ್ಯಾಪ್‌ನಲ್ಲಿ ಸಿಡ್ನಿ ಸಿಟಿ ಮಧ್ಯಕ್ಕೆ ಹೋಗಿ, ಆಫೀಸ್ ಬಿಲ್ಡಿಂಗ್‌ಗಳು, ರೈಲ್ವೆ ಸ್ಟೇಷನ್, ಬಂದರು, ಅದೆಲ್ಲ ಗ್ಯಾಡಿಗಲ್ ಜನರ ನೆಲ. ಮರುಭೂಮಿಯ ದೂರದ ಊರಿನ ಕಥೆ ಹೇಳ್ತಿದ್ದವರು ಕೊನೆಗೆ ತಮ್ಮ ಮನೆ ಅಂಗಳಕ್ಕೇ ಬಂದ್ರು. ಇಲ್ಲಿ ‘ನಾವು’ ಅಂತ ಇವರೊಬ್ಬರೇ ಹಾಡ್ತಿಲ್ಲ, ಮೂಲನಿವಾಸಿ ಗಾಯಕರಾದ ಡಾನ್ ಸುಲ್ತಾನ್, ಕಲೀನಾ ಬ್ರಿಗ್ಸ್, ಬುನ್ನಾ ಲಾರಿ ಹಾಡಿದ್ದಾರೆ, ಜೋಯೆಲ್ ಡೇವಿಸನ್ ಗ್ಯಾಡಿಗಲ್ ಭಾಷೆಯಲ್ಲೇ ಪದ್ಯ ಓದ್ತಾರೆ. ‘ದಿ ಡೆಡ್ ಹಾರ್ಟ್’ ಮತ್ತು ಇದನ್ನ ಒಂದರ ಹಿಂದೆ ಒಂದು ಹಾಕಿದ್ರೆ 34 ವರ್ಷದಲ್ಲಿ ಏನು ಬದಲಾಯ್ತು ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಸಂವಿಧಾನದ ಪ್ರಶ್ನೆ ಮಾತ್ರ 2023ರ ಅಕ್ಟೋಬರ್ 14ರ ಜನಮತದಲ್ಲಿ ಬಿದ್ದುಹೋಯ್ತು, ನೂರಕ್ಕೆ ಸುಮಾರು 60 ಜನ ಬೇಡ ಅಂದ್ರು. ಆಸ್ಟ್ರೇಲಿಯಾದ ಪೌರತ್ವ ತಗೊಂಡ ನಮ್ಮ ಕನ್ನಡದವರೂ ಆವತ್ತು ಕ್ಯೂನಲ್ಲಿ ನಿಂತು ಓಟು ಹಾಕ್ಬೇಕಾಯ್ತು, ಅಲ್ಲಿ ಓಟು ಕಡ್ಡಾಯ.

ನೀವೇ ಹಾಡು ಬರೆಯೋರಾದ್ರೆ

ಇವರಿಂದ ಕದಿಯೋಕೆ ಕೆಲವು ವಿಷಯ ಇದೆ. ಬರೆದ ಹಾಡಲ್ಲಿ ‘ಸಮಾಜ’, ‘ವ್ಯವಸ್ಥೆ’, ‘ಕ್ರಾಂತಿ’ ಎಲ್ಲೆಲ್ಲಿ ಬಂದಿದೆ ನೋಡಿ, ಅವನ್ನ ಹೊಡೆದು ಹಾಕಿ ಆ ಜಾಗಕ್ಕೆ ಒಂದು ಊರಿನ ಹೆಸರೋ ಒಂದು ವಸ್ತುವೋ ತನ್ನಿ. ಕೆರೆ ಬಗ್ಗೆ ಹಾಡಾದ್ರೆ ಯಾವ ಕೆರೆ, ನೊರೆ ಯಾವ ಬಣ್ಣ, ಪಕ್ಕದಲ್ಲಿ ಯಾವ ಬಸ್ ಸ್ಟಾಪ್. ಹೇಳೋರು ಯಾರು ಅಂತ ಮೊದ್ಲೇ ತೀರ್ಮಾನ ಮಾಡಿ, ಹೊರಗೆ ನಿಂತು ಮರುಗೋನಿಗಿಂತ ಒಳಗೆ ಸಿಕ್ಕಿಹಾಕ್ಕೊಂಡವನ ದನಿ ಯಾವಾಗ್ಲೂ ಬಲ, ಆದ್ರೆ ಆ ದನಿ ನಿಮ್ಮದಲ್ಲ ಅಂದ್ರೆ ಆ ದನಿ ಇರೋರನ್ನೇ ಮೈಕ್ ಮುಂದೆ ಕರೀರಿ, ಹಾಡಿನ ಕ್ರೆಡಿಟ್‌ನಲ್ಲಿ ಹೆಸರು ಹಾಕಿ, ದುಡ್ಡು ಬಂದ್ರೆ ಪಾಲು ಕೊಡಿ. ಇದು ಬ್ಯಾಂಡ್‌ಗೆ ಅರ್ಥ ಆಗೋಕೆ ದಶಕಗಳೇ ಹಿಡೀತು, ನಿಮಗೆ ಬಿಟ್ಟಿಯಾಗಿ ಸಿಕ್ತಿದೆ.

ಊರಿಗೆ ಹೋಗಿ ಬನ್ನಿ. ಪೇಪರ್ ಓದಿ ಬರೆದ ಹಾಡು ಪೇಪರ್ ಥರಾನೇ ಇರುತ್ತೆ. ಇಸವಿ, ಹೆಸರು, ಯಾರು ಬದುಕಿದ್ದಾರೆ ಯಾರು ಇಲ್ಲ ಅನ್ನೋದನ್ನ ಆ ಊರಿನವರ ಹತ್ರಾನೇ ಓದಿಸಿ ಸರಿ ಮಾಡ್ಕೊಳ್ಳಿ, ‘ಟ್ರುಗನಿನಿ’ ಥರ ಆಗಬಾರದು ಅಂದ್ರೆ. ಕೋರಸ್‌ನಲ್ಲಿ ವಿವರ ತುಂಬಬೇಡಿ, ವಿವರಕ್ಕೆ ಚರಣ ಇದೆ. ಕೋರಸ್ ಕುಡಿದವನೂ ಹಾಡೋ ಹಾಗಿರಬೇಕು, ಎರಡನೇ ಸಲಕ್ಕೇ ಬಾಯಿಗೆ ಬರಬೇಕು. ತಾಳದ ಬಗ್ಗೆ ನಮ್ಮವರಿಗೆ ನಾನು ಹೇಳೋದೇನಿಲ್ಲ, 70ರ ದಶಕದಿಂದ ದಲಿತ ಸಂಘರ್ಷ ಸಮಿತಿ ಸಭೆ ಜಾಥಾಗಳಲ್ಲಿ ತಮಟೆ ಏನು ಮಾಡಿದೆ ಅಂತ ನೋಡಿದವರಿಗೆ ಗೊತ್ತು. ಮತ್ತೆ ಸ್ಟೇಜ್ ಮೇಲೆ ಎರಡು ಹಾಡಿನ ಮಧ್ಯೆ ಹತ್ತು ನಿಮಿಷ ಭಾಷಣ ಮಾಡೋ ಚಟ ಇದ್ರೆ ಬಿಡಿ, ಗ್ಯಾರೆಟ್‌ಗೂ ಇತ್ತು, ಅವನ ಒಳ್ಳೇ ರಾತ್ರಿಗಳು ಮಾತು ಕಮ್ಮಿ ಇದ್ದ ರಾತ್ರಿಗಳೇ.

ಇದಾದ ಮೇಲೆ ಏನು ಕೇಳೋದು ಅಂತ ಕೇಳ್ತೀರಾದ್ರೆ, ವಾರುಂಪಿ ಬ್ಯಾಂಡ್‌ನ ಮೂರೂ ಆಲ್ಬಮ್, ಆಮೇಲೆ ಉತ್ತರದ ಆರ್ನೆಮ್ ಲ್ಯಾಂಡ್‌ನ ಯೋತು ಯಿಂಡಿ ಅನ್ನೋ ಬ್ಯಾಂಡ್. ಯೋತು ಯಿಂಡಿಯ 1991ರ ‘ಟ್ರೀಟಿ’ ಹಾಡಲ್ಲಿ ಗ್ಯಾರೆಟ್ ಮತ್ತು ಆಸ್ಟ್ರೇಲಿಯಾದ ಇನ್ನೊಬ್ಬ ಗಾಯಕ ಪಾಲ್ ಕೆಲ್ಲಿ ಕೈ ಇದೆ, ಆದ್ರೆ ಹಾಡು ಅವರದ್ದಲ್ಲ, ಆರ್ನೆಮ್ ಲ್ಯಾಂಡ್‌ನ ಮೂಲನಿವಾಸಿ ಯೋಲ್ಙು ಜನರದ್ದು, ಅರ್ಧ ಅವರ ಭಾಷೆಯಲ್ಲೇ ಇದೆ. ಬುನ್ನಾ ಲಾರಿಯ ಬ್ಯಾಂಡ್ ಕಲರ್ಡ್ ಸ್ಟೋನ್ ಕೂಡ ಕೇಳಿ. 1998ರ ‘ರೆಡ್‌ನೆಕ್ ವಂಡರ್‌ಲ್ಯಾಂಡ್’ ಮಾತ್ರ ಕೊನೆಗೆ ಇಟ್ಕೊಳ್ಳಿ, ವಲಸಿಗರನ್ನ ಬೈದು ಓಟು ಗಿಟ್ಟಿಸ್ತಿದ್ದ ರಾಜಕೀಯದ ಕಾಲದಲ್ಲಿ ಬಂದ ಆಲ್ಬಮ್, ಸಿಟ್ಟು ಜಾಸ್ತಿ, ಟ್ಯೂನ್ ಕಮ್ಮಿ, ಸ್ಪೀಕರ್ ಒರಟು, ಪಕ್ಕದ ಮನೆಯವರು ಮನೇಲಿಲ್ಲದ ಟೈಮ್ ನೋಡ್ಕೊಂಡು ಹಾಕಿ.